ಪದಚರ್ಚೆ: ಕರ್ತನ ಭೋಜನದಲ್ಲಿ ‘ಅಯೋಗ್ಯವಾಗಿ’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ. ಕನ್ನಡ ಬೈಬಲ್‌ನ ಒಂದು ಪದದ ಬಗ್ಗೆ ಕೇಳಬೇಕಿದೆ. ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಸಂಬಂಧಪಟ್ಟ ಪದ ಅದು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, 11ನೇ ಅಧ್ಯಾಯ, 27ನೇ ವಚನ. ಕರ್ತನ ರೊಟ್ಟಿಯನ್ನು ‘ಅಯೋಗ್ಯವಾಗಿ’ ತಿಂದವನು ಆತನ ದೇಹಕ್ಕೂ ರಕ್ತಕ್ಕೂ ದ್ರೋಹ ಮಾಡಿದವನು ಅಂತ ಅಲ್ಲಿದೆ. ಈ ಪದ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ತಿನ್ನುವ ರೀತಿ ಸರಿಯಿಲ್ಲ ಅಂತಲೋ, ತಿನ್ನುವ ಮನುಷ್ಯನೇ ಯೋಗ್ಯನಲ್ಲ ಅಂತಲೋ?

ಬೀದರ್ ಕಡೆ ನಾನು ನೋಡಿದ ಮೆಥಡಿಸ್ಟ್ ಸಭೆಗಳಲ್ಲಿ ಜಾಸ್ತಿ ಜನ ಎರಡನೆಯದನ್ನೇ ಹಿಡಿದಿದ್ದಾರೆ. ಕರ್ತನ ಭೋಜನ ಇರುವ ಭಾನುವಾರ ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿದಾಗ ಒಂದಷ್ಟು ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡು ಹಿಂದೆಯೇ ಕೂತಿರುತ್ತಾರೆ. ಯಾಕೆ ಬರಲಿಲ್ಲ ಅಂತ ನಮ್ಮ ಕಾಕಿಯನ್ನು ಕೇಳಿದೆ. ‘ನಾ ಎಲ್ಲಿ ಯೋಗ್ಯಳಪ್ಪಾ, ನೆಗೆಣಿ ಸಂಗಡ ಜಗಳ ಆಗ್ಯಾದ’ ಅಂದರು. ಕಾಕಿಯ ಅಳುಕಿಗೆ ಆಧಾರ ಇಲ್ಲ ಅಂತ ಹೇಳಲಾರೆ. ಕಾಣಿಕೆ ಕೊಡುವ ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಆದರೆ ಆಮೇಲೆ ಬಾ ಅಂತಲೂ ಅಲ್ಲೇ ಇದೆಯಲ್ಲ. ಜಗಳ ಮುಗಿದ ಮೇಲೂ ಕಾಕಿ ಮುಂದೆ ಹೋಗಲಿಲ್ಲ, ಅದು ನನಗೆ ಬಹಳ ಸಂಕಟ.

ಗ್ರೀಕ್ ಮೂಲದಲ್ಲಿರುವುದು ‘ಅನಕ್ಸಿಯೋಸ್’. ಕೊನೆಯ ಓಕಾರ ದೀರ್ಘ, ಹಾಗಾಗಿ ಅದು ಕ್ರಿಯೆಗೆ ಸೇರಿದ ಪದ. ಅದೇ ಹ್ರಸ್ವವಾಗಿದ್ದರೆ ಮನುಷ್ಯನ ಗುಣ ಹೇಳುತ್ತಿತ್ತು. ಕನ್ನಡದಲ್ಲೂ ‘ಅವಸರವಾಗಿ ಉಂಡ’ ಅಂದರೆ ಉಂಡ ರೀತಿ ಅಲ್ವಾ? ಮನುಷ್ಯನ ಬಗ್ಗೆ ಹೇಳಬೇಕಾದರೆ ‘ಅಯೋಗ್ಯನಾಗಿ’ ಅನ್ನಬೇಕಿತ್ತು. ಅನುವಾದ ತಪ್ಪಿಲ್ಲ. ಆದರೆ ನಮ್ಮ ಮಾತಿನಲ್ಲಿ ‘ಅಯೋಗ್ಯ’ ಅನ್ನುವುದು ಬೈಗುಳ, ಅದು ಕಿವಿಗೆ ಬಿದ್ದ ಕೂಡಲೇ ‘ವಾಗಿ’ ಯಾರ ಗಮನಕ್ಕೂ ಬರುವುದಿಲ್ಲ.

ಪೌಲನು ಸುಮಾರು ಕ್ರಿ.ಶ. 55ರಲ್ಲಿ ಯಾಕೆ ಇಷ್ಟು ಸಿಟ್ಟಾಗಿ ಬರೆದ ಅಂತ ನೋಡಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ಕೊರಿಂಥದಲ್ಲಿ ಸಭೆ ಸೇರಿದಾಗ ಊಟವೂ ಇರುತ್ತಿತ್ತು. ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಒಬ್ಬ ಕುಡಿದು ಮತ್ತನಾದರೆ ಇನ್ನೊಬ್ಬ ಹಸಿದು ಕೂತಿರುತ್ತಿದ್ದ. ನಮ್ಮ ಮದುವೆಗಳಲ್ಲಿ ದೊಡ್ಡವರ ಪಂಗ್ತಿ ಎದ್ದ ಮೇಲೆ ಬಡವರಿಗೆ ತಳದ ಅನ್ನ ಬಡಿಸಿದ ಹಾಗೆ. ಇಲ್ಲದವರನ್ನು ನಾಚಿಸುತ್ತೀರಾ ಅಂತ ಕೇಳುತ್ತಾನೆ, ಕೊನೆಗೆ ಒಬ್ಬರಿಗೊಬ್ಬರು ಕಾಯಿರಿ ಅನ್ನುತ್ತಾನೆ. ಅಯೋಗ್ಯವಾಗಿ ತಿನ್ನುವುದು ಅಂದರೆ ಇದು. ಇನ್ನು 28ನೇ ವಚನದಲ್ಲಿ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತಿದೆ, ಪರೀಕ್ಷಿಸಿಕೊಂಡು ದೂರ ಕೂರಲಿ ಅಂತಿಲ್ಲ.

ಇನ್ನೊಂದು. ಇದೇ ಭೋಜನವನ್ನು ಪರಮಪ್ರಸಾದ ಅನ್ನುವ ಕಥೋಲಿಕರು ಅದನ್ನು ತೆಗೆದುಕೊಳ್ಳುವ ಸ್ವಲ್ಪ ಮುಂಚೆ, ಸ್ವಾಮಿ ನೀವು ನನ್ನ ಮನೆಗೆ ಬರಲು ನಾನು ಯೋಗ್ಯನಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾರೆ. ಆಂಗ್ಲಿಕನ್ ಸಭೆಯಲ್ಲಿ 1548ರಲ್ಲಿ ಬಂದ, ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ 1784ರಲ್ಲಿ ತನ್ನವರಿಗೆ ಉಳಿಸಿಕೊಟ್ಟ ಪ್ರಾರ್ಥನೆಯೂ ಹಾಗೆಯೇ: ನಿನ್ನ ಮೇಜಿನ ಕೆಳಗೆ ಬಿದ್ದ ಚೂರು ಆರಿಸಿಕೊಳ್ಳಲೂ ನಾವು ಯೋಗ್ಯರಲ್ಲ. ಅಷ್ಟು ಹೇಳಿ ಎದ್ದು ಹೋಗಿ ತೆಗೆದುಕೊಳ್ಳುತ್ತಾರೆ. ಯೋಗ್ಯನಲ್ಲ ಅನ್ನುವುದೇ ಅಡ್ಡಿಯಾಗಿದ್ದರೆ ಪಾದ್ರಿಯೂ ತಿನ್ನುವ ಹಾಗಿಲ್ಲ.

ಹಾಗಂತ ಯಾರು ಬೇಕಾದರೂ ಸುಮ್ನೆ ಹೋಗಿ ತಿನ್ನಬಹುದು ಅಂತಲ್ಲ, ಸಭೆಗೊಂದು ನಿಯಮ ಇದೆ. ದೀಕ್ಷಾಸ್ನಾನ ಆದವರಿಗೆ ಮಾತ್ರ ಅಂತ ಮೊದಲ ಶತಮಾನಗಳ ‘ದಿದಾಖೆ’ ಅನ್ನುವ ಸಭಾನಿಯಮಗಳ ಪುಸ್ತಕದಲ್ಲೇ ಇದೆ. ಕಥೋಲಿಕರಲ್ಲಿ ದೊಡ್ಡ ಪಾಪ ಮಾಡಿದವರು ಮೊದಲು ಪಾಪನಿವೇದನೆ ಮಾಡಬೇಕು. ಆರ್ಥಡಾಕ್ಸರು ಹಸುಗೂಸಿಗೂ ಕೊಡುತ್ತಾರೆ. ಈ ಭೋಜನದಿಂದಲೇ ಮನುಷ್ಯನ ಮನಸ್ಸು ತಿರುಗಬಹುದು ಅಂತ ವೆಸ್ಲಿ ನಂಬಿದ್ದ, ಅದಕ್ಕೇ ಮೆಥಡಿಸ್ಟರಲ್ಲಿ ಈ ಭೋಜನದ ಮೇಜು ಬಹುಮಟ್ಟಿಗೆ ಎಲ್ಲರಿಗೂ ತೆರೆದೇ ಇರುತ್ತದೆ. ಇಂಥ ಮೇಜಿನಿಂದ ನಮ್ಮ ಹೆಂಗಸರು ಒಂದು ಪದಕ್ಕೆ ಹೆದರಿ ಹಿಂದೆ ಉಳಿಯಬಾರದು.

ಈಗ ನನ್ನ ಪ್ರಶ್ನೆ. ಭಾನುವಾರ ಓದುವಾಗ ಇದನ್ನು ‘ಸಲ್ಲದ ರೀತಿಯಲ್ಲಿ’ ಅಂತ ಬಿಡಿಸಿ ಹೇಳಬಹುದಾ? ‘ತರವಲ್ಲದ ಹಾಗೆ’ ಅಂದರೆ ಇನ್ನೂ ಹತ್ತಿರವಾ? ಯಾದಗಿರಿ, ಕಲಬುರಗಿ ಕಡೆ ಸಭೆಗಳಲ್ಲಿ ಬೇರೆ ಮಾತು ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ.