ಸಹಾಯ ಬೇಕು: ಉಪ್ಸಾರಿನ ಮನೆಯಲ್ಲಿ ಉಪ್ಪು ಕಡಿಮೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಅಪ್ಪನಿಗೆ 71 ವರ್ಷ, ಬಿಪಿ ಇದೆ. ಹೋದ ತಿಂಗಳು ಎದೆ ಹಿಡಿದ ಹಾಗಾಯ್ತು ಅಂತ ತೋರಿಸಿದೆವು. ಡಾಕ್ಟರ್ ಮಾತ್ರೆ ಬದಲಾಯಿಸಿ, ಉಪ್ಪು ಕಡಿಮೆ ಮಾಡಿ, ನಡಿಗೆ ಜಾಸ್ತಿ ಮಾಡಿ ಅಂದರು.

ನಡಿಗೆಗೆ ತೊಂದರೆ ಇಲ್ಲ. ವಾರಕ್ಕೆ ಐದು ದಿನ, ಅರ್ಧ ಗಂಟೆ ನಾಲೆ ಏರಿ ಮೇಲೆ ಹೋಗಿ ಬರುತ್ತಾರೆ. ಕಷ್ಟ ಇರೋದು ತಟ್ಟೆಯಲ್ಲಿ. ದಿನಕ್ಕೆ ಎಲ್ಲಾ ಸೇರಿ ಉಪ್ಪು 5 ಗ್ರಾಂ ದಾಟಬಾರದಂತೆ, ಅಂದರೆ ಒಂದು ಟೀ ಚಮಚ. ನಮ್ಮದೋ ಉಪ್ಸಾರು ಮುದ್ದೆ, ಹೆಸರಲ್ಲೇ ಉಪ್ಪು! ಸಾರಿಗೆ ಕಡಿಮೆ ಹಾಕಿದರೆ ಅಪ್ಪ ಸಾರಿನ ಜೊತೆ ಅರೆದಿಡುವ ಖಾರಕ್ಕೆ ಇನ್ನೊಂದು ಚಿಟಿಕೆ ಉಪ್ಪು ಸುರಿದು ಬೆರಳಲ್ಲಿ ಕಲಸಿಕೊಳ್ಳುತ್ತಾರೆ. ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಕುರ್ಚಿ ಹತ್ತಿ ಇಳಿಸಿದ್ದಾರೆ. ಬಿದ್ದಿದ್ದರೆ?

ಸೋಡಿಯಂ ಕಡಿಮೆ ಇರುವ ಉಪ್ಪು ಹೇಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಅಪ್ಪನ ಕಿಡ್ನಿ ಸ್ವಲ್ಪ ವೀಕು, ಡಾಕ್ಟರ್ ಬೇಡ ಅಂದಿದ್ದಾರೆ.

ನಿಂಬೆಹಣ್ಣು, ಬೆಳ್ಳುಳ್ಳಿ, ಮೆಣಸು ಜಾಸ್ತಿ ಮಾಡಿ ನೋಡಿದೆ. ಎರಡು ದಿನ ಸುಮ್ನೆ ಉಂಡರು, ಮೂರನೇ ದಿನ ತಟ್ಟೆ ತಳ್ಳಿದರು. ಉಪ್ಪು ಕಡಿಮೆ ಹಾಕಿಯೂ ರುಚಿಯಾಗಿ ಖಾರ ಅರೆಯೋರು ಇದ್ದರೆ ಅಳತೆ ಸಮೇತ ತಿಳಿಸಿ. ಇಂಥ ಹಠದವರನ್ನು ಒಪ್ಪಿಸಿದ ಅನುಭವ ಇದ್ದರೆ ಅದನ್ನೂ ಬರೆಯಿರಿ. ಮಾತ್ರೆ ವಿಷಯ ಬೇಡ, ಅದನ್ನು ಡಾಕ್ಟರೇ ನೋಡಿಕೊಳ್ಳುತ್ತಾರೆ.