ಅಪ್‌ಡೇಟ್: ಐಬಿ ಡಿಪ್ಲೊಮಾದಲ್ಲಿ ಇಂಜಿನಿಯರಿಂಗ್‌ಗೆ ಯಾವ ಸಬ್ಜೆಕ್ಟ್?

ಇಂಜಿನಿಯರಿಂಗ್ ಗುರಿ ಇದ್ದರೆ ಐಬಿಯಲ್ಲಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಪಿಯುಸಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸ್) ಯಾವ ಆರು ವಿಷಯ ತಗೊಳ್ಳಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ನಿಂತದ್ದು ಇದು: ಎಚ್‌ಎಲ್‌ನಲ್ಲಿ (ಹೈಯರ್ ಲೆವೆಲ್) ಮ್ಯಾಥ್ಸ್ ಎಎ (ಅನಾಲಿಸಿಸ್ ಅಂಡ್ ಅಪ್ರೋಚಸ್), ಫಿಸಿಕ್ಸ್, ಕೆಮಿಸ್ಟ್ರಿ, ಎಸ್‌ಎಲ್‌ನಲ್ಲಿ (ಸ್ಟ್ಯಾಂಡರ್ಡ್ ಲೆವೆಲ್) ಇಂಗ್ಲಿಷ್, ಹಿಂದಿ ಬಿ (ಎರಡನೇ ಭಾಷೆಯಾಗಿ), ಎಕನಾಮಿಕ್ಸ್. ಆರ್ಟ್ಸ್ (ಸಂಗೀತ, ಚಿತ್ರಕಲೆಯಂಥ) ಗುಂಪಿನ ಜಾಗಕ್ಕೆ ಎರಡನೇ ಸೈನ್ಸ್ ಬಂತು, ಅದಕ್ಕೆ ಅವಕಾಶ ಇದೆ.

ಮ್ಯಾಥ್ಸ್‌ನಲ್ಲಿ ಇನ್ನೊಂದು ಆಯ್ಕೆಯಾದ ಎಐ (ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್) ಸುಲಭ ಅಂತ ಅದರ ಎಸ್‌ಎಲ್‌ಗೆ ಹೋಗಬೇಡಿ. ವಿದೇಶದ ಅನೇಕ ಇಂಜಿನಿಯರಿಂಗ್ ಕೋರ್ಸ್‌ಗಳಿಗೆ ಅದು ಸಾಲದು.

ನನಗೆ ಗೊತ್ತೇ ಇರದಿದ್ದದ್ದು ಪಾಸಾಗುವ ಲೆಕ್ಕ. ಪ್ರತಿ ವಿಷಯಕ್ಕೆ ಗರಿಷ್ಠ 7 ಅಂಕ, ಟಿಒಕೆ (ಥಿಯರಿ ಆಫ್ ನಾಲೆಡ್ಜ್) ಮತ್ತು ಎಕ್ಸ್‌ಟೆಂಡೆಡ್ ಎಸ್ಸೆ (ಸ್ವಂತ ಸಂಶೋಧನಾ ಪ್ರಬಂಧ) ಸೇರಿ 3, ಒಟ್ಟು 45. ಡಿಪ್ಲೊಮಾಗೆ 24 ಸಾಕು ಅನ್ನೋದು ಅರ್ಧ ಸತ್ಯ. ಎಚ್‌ಎಲ್‌ನಲ್ಲಿ 4, 4, 3, ಎಸ್‌ಎಲ್‌ನಲ್ಲಿ ಮೂರೂ 5, ಕೋರ್‌ನಿಂದ (ಟಿಒಕೆ, ಎಸ್ಸೆ) 1 ಬಂತು ಅನ್ನಿ. ಒಟ್ಟು 27, ಆದರೂ ಡಿಪ್ಲೊಮಾ ಇಲ್ಲ! ಮೂರು ಎಚ್‌ಎಲ್ ಸೇರಿ ಕನಿಷ್ಠ 12 ಬೇಕು, ಇಲ್ಲಿ 11 ಮಾತ್ರ. ಟಿಒಕೆ ಅಥವಾ ಎಸ್ಸೆಯಲ್ಲಿ ಇ ಗ್ರೇಡ್ (ಎಲ್ಲಕ್ಕಿಂತ ಕೆಳಗಿನದು) ಬಂದರೂ, ಸಿಎಎಸ್ (ಕ್ರಿಯೇಟಿವಿಟಿ, ಆಕ್ಟಿವಿಟಿ, ಸರ್ವಿಸ್ ಎಂಬ ಪಾಠದಾಚೆಯ ಚಟುವಟಿಕೆಗಳು) ಮುಗಿಸದಿದ್ದರೂ ಅದೇ ಕಥೆ.

ಎಸ್ಸೆಗೆ 4,000 ಪದಗಳ ಮಿತಿ. ಅದು ದಾಟಿದ ಮೇಲೆ ಪರೀಕ್ಷಕರು ಓದುವುದಿಲ್ಲ, ಹಾಗಾಗಿ ಉದ್ದವಾದರೆ ಕತ್ತರಿ ಬೀಳೋದು ನಿಮ್ಮ ಕೊನೆಯ ತೀರ್ಮಾನಕ್ಕೇ.

ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ. ಇಲ್ಲಿನ ಕಾಲೇಜುಗಳ ದಾಖಲೆ ಸಲ್ಲಿಕೆಯ ಗಡುವನ್ನು ಈಗಲೇ ನೋಡಿಟ್ಟುಕೊಳ್ಳಿ.