ಸರಾಸರಿ ಬದಲಾವಣೆಯ ದರವನ್ನು ಮಗಳಿಗೆ ಹೇಗೆ ತಿಳಿಸಲಿ?

ಪ್ರಶ್ನೆ (ತಂದೆ): ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಎಂಬ ಫಲನಕ್ಕೆ −2 ರಿಂದ 4 ರವರೆಗಿನ ಸರಾಸರಿ ಬದಲಾವಣೆಯ ದರವನ್ನು ಕೇಳಿದರೆ, ಎರಡು ತುದಿಗಳ ಬೆಲೆಗಳನ್ನು ಕೂಡಿಸಿ, ಎರಡರಿಂದ ಭಾಗಿಸಿ 7 ಎಂದು ಬರೆಯುತ್ತಾಳೆ. ಹೇಳಿಕೊಟ್ಟು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಗಣಿತ ಉಪನ್ಯಾಸಕಿ: ‘ಸರಾಸರಿ’ ಎಂಬ ಪದ ಕಿವಿಗೆ ಬಿದ್ದೊಡನೆ ಕೂಡಿಸಿ ಭಾಗಿಸುವುದು ಕೆಳಗಿನ ತರಗತಿಗಳಿಂದ ಬೆಳೆದು ಬಂದ ಅಭ್ಯಾಸ, ನಿಮ್ಮ ಮಗಳೊಬ್ಬಳೇ ಹೀಗೆ ಮಾಡುವುದಿಲ್ಲ. ಇಲ್ಲಿ ಕೇಳಿರುವುದು ಬೆಲೆಗಳ ಸರಾಸರಿಯನ್ನಲ್ಲ. ಆದ್ದರಿಂದ ನಾನು ಸೂತ್ರ ಬರೆಯುವ ಮೊದಲು, ಫಲನದ ಬೆಲೆ ಎಷ್ಟು ಬದಲಾಯಿತು, ಅಷ್ಟರಲ್ಲಿ ಎಕ್ಸ್ ಎಷ್ಟು ಬದಲಾಯಿತು ಎಂದು ಮಕ್ಕಳನ್ನೇ ಕೇಳುತ್ತೇನೆ. −2 ರಲ್ಲಿ ಬೆಲೆ 10, 4 ರಲ್ಲಿ ಬೆಲೆ 4. ಹಾಗಾಗಿ ಬದಲಾವಣೆ 4 − 10, ಅಂದರೆ −6. ಎಕ್ಸ್‌ನ ಬದಲಾವಣೆ 4 − (−2), ಅಂದರೆ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದರ −1. ಆವರಣವನ್ನು ಮರೆತು ಛೇದದಲ್ಲಿ 4 − 2 ಎಂದು ಬರೆದವರಿಗೆ −3 ಬರುತ್ತದೆ. ಉತ್ತರಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಈ ತಪ್ಪನ್ನೇ. ಬಳಿಕ ನಕ್ಷೆ ಬರೆಸಿ, (−2, 10) ಮತ್ತು (4, 4) ಬಿಂದುಗಳನ್ನು ಅಳತೆಪಟ್ಟಿಯಿಟ್ಟು ಸೇರಿಸಲು ಹೇಳಿ. ಹತ್ತನೆಯ ತರಗತಿಯಲ್ಲಿ ವೃತ್ತಕ್ಕೆ ಛೇದಕ, ಅಂದರೆ ಅದನ್ನು ಎರಡು ಬಿಂದುಗಳಲ್ಲಿ ಕತ್ತರಿಸುವ ಗೆರೆ, ಎಳೆದವಳಿಗೆ ಈ ಗೆರೆ ಅಪರಿಚಿತವಲ್ಲ. ಅದರ ಇಳಿಜಾರೇ ಉತ್ತರ, ಮತ್ತು ಗೆರೆ ಬಲಕ್ಕೆ ಇಳಿಯುವುದರಿಂದಲೇ ಋಣ ಚಿಹ್ನೆ.

ಇನ್ನೊಬ್ಬ ಪೋಷಕರು: ನನ್ನ ಮಗನಿಗೆ ಪ್ರಯಾಣದ ಲೆಕ್ಕದಿಂದ ಅರ್ಥವಾಯಿತು. 120 ಕಿಲೋಮೀಟರ್ ದೂರವನ್ನು ಗಂಟೆಗೆ 40 ರಂತೆ ಹೋಗಿ 60 ರಂತೆ ಮರಳಿದರೆ ಸರಾಸರಿ ವೇಗ 50 ಅಲ್ಲ. 240 ಕಿಲೋಮೀಟರಿಗೆ 5 ಗಂಟೆ ಹಿಡಿಯುವುದರಿಂದ ಅದು 48.

ಅರ್ಥಶಾಸ್ತ್ರ ಶಿಕ್ಷಕ: ನಾನು ಜನಗಣತಿಯನ್ನು ಬಳಸುತ್ತೇನೆ. ಕರ್ನಾಟಕದ ಜನಸಂಖ್ಯೆ 2001ರಲ್ಲಿ 5,28,50,562 ಇದ್ದದ್ದು 2011ರಲ್ಲಿ 6,10,95,297 ಆಯಿತು. ಹೆಚ್ಚಳವನ್ನು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 8.24 ಲಕ್ಷ ಜನ. ‘ವರ್ಷಕ್ಕೆ ಇಷ್ಟು ಜನ’ ಎಂಬ ಏಕಮಾನವನ್ನು ಬರೆಯದ ಉತ್ತರವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಏಕಮಾನ ಬರೆಯುವಾಗಲೇ ಯಾವುದನ್ನು ಯಾವುದರಿಂದ ಭಾಗಿಸಿದೆವು ಎಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ. ನಡುವಿನ ಯಾವುದೋ ಒಂದು ವರ್ಷದಲ್ಲಿ ಎಷ್ಟು ಹೆಚ್ಚಿತೆಂಬುದನ್ನು ಮಾತ್ರ ಈ ಸಂಖ್ಯೆ ಹೇಳಲಾರದು.

ಪ್ರಶ್ನೆ ಕೇಳಿದ ತಂದೆ: ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ನಿನ್ನೆ ಅದೇ ಫಲನಕ್ಕೆ 0 ಯಿಂದ 3 ರವರೆಗಿನ ದರವನ್ನು ಕೇಳಿದೆ. ಸೊನ್ನೆ ಬಂದದ್ದನ್ನು ಕಂಡು, ಲೆಕ್ಕ ತಪ್ಪಿತೆಂದು ಎರಡು ಬಾರಿ ಮಾಡಿದಳು. ಕೊನೆಗೆ ನಕ್ಷೆ ಬರೆದು, ವಕ್ರರೇಖೆ 1.5 ರಲ್ಲಿ −2.25 ರವರೆಗೆ ಇಳಿದು ಮತ್ತೆ ಮೊದಲಿನ ಮಟ್ಟಕ್ಕೇ ಏರಿರುವುದನ್ನು ತಾನೇ ನನಗೆ ತೋರಿಸಿದಳು.